ವಿಂಟೇಜ್ ಕಾರ್ ಕ್ಲಬ್ಬಿಗೆ ನಮ್ಮದೇ ಬ್ಯಾಡ್ಜ್: ಹಿತ್ತಾಳೆ ತಗಡಿಂದ ಗ್ರಿಲ್ ತನಕ

ಹಳೇ ಕಾರಿನ ಮೂತಿ ಮೇಲೆ ಕ್ಲಬ್ ಬ್ಯಾಡ್ಜ್ ಇದ್ರೇನೇ ಗತ್ತು ಅಂತ ಎಲ್ಲರಿಗೂ ಗೊತ್ತು, ಆದ್ರೆ ಮಾಡ್ಸೋಕೆ ಹೋದ್ರೆ ಮೊದಲ್ನೇ ಪ್ರಶ್ನೆನೇ "ಎಷ್ಟು ಪೀಸ್ ಸಾರ್?", ನೀವು ಮೂವತ್ತೋ ನಲವತ್ತೋ ಅಂದ ತಕ್ಷಣ ಆ ಕಡೆಯವ್ರ ಉತ್ಸಾಹ ಅರ್ಧಕ್ಕಿಳಿಯತ್ತೆ. ಡೈ (ತಗಡು ಒತ್ತೋ ಅಚ್ಚು) ಮಾಡ್ಸೋ ಖರ್ಚು ಸಾವಿರ ಪೀಸಿಗೂ ಅಷ್ಟೇ, ಮೂವತ್ತು ಪೀಸಿಗೂ ಅಷ್ಟೇ, ಹಂಗಾಗಿ ಸಣ್ಣ ಕ್ಲಬ್ಬುಗಳು ಕೊನೆಗೆ ಸ್ಟಿಕ್ಕರ್ ಮೇಲೆ ರೆಸಿನ್ ಸುರಿದಿರೋ ಉಬ್ಬು ಬ್ಯಾಡ್ಜ್ ಮಾಡ್ಸಿ ಸುಮ್ನಾಗ್ತಾರೆ, ಅದು ಎರಡು ಬೇಸಿಗೆ ಕಳೆಯೋದ್ರೊಳಗೆ ಹಳದಿಯಾಗಿ ಅಂಚಲ್ಲಿ ಎದ್ದು ಬರತ್ತೆ. ಇಲ್ಲಿ ಹೇಳ್ತಿರೋದು ಇಪ್ಪತ್ತರಿಂದ ಐವತ್ತು ಬ್ಯಾಡ್ಜ್ ಬೇಕಿರೋ ಕ್ಲಬ್ಬಿನವ್ರಿಗೆ. ಹಿತ್ತಾಳೆ ತಗಡು, ಆಸಿಡ್ ಎಚಿಂಗ್ (ಬೇಡದ ಲೋಹವನ್ನ ಆಸಿಡಲ್ಲಿ ಕರಗ್ಸಿ ಗುಳಿ ಮಾಡೋದು), ನಿಕಲ್ ಪ್ಲೇಟಿಂಗ್ (ಮೇಲೆ ನಿಕಲ್ಲಿನ ತೆಳು ಲೇಪ), ಆಮೇಲೆ ಕೋಲ್ಡ್ ಎನಾಮೆಲ್, ಅಂದ್ರೆ ಕುಲುಮೆ ಇಲ್ದೆ ಗುಳಿಗೆ ತುಂಬೋ ಎಪಾಕ್ಸಿ ರೆಸಿನ್ ಬಣ್ಣ. ಬೆಂಗಳೂರಲ್ಲಿ ಕೂತ್ಕೊಂಡು ಎಲ್ಲಾ ಆಗತ್ತೆ, ಪ್ಲೇಟಿಂಗ್ ಒಂದನ್ನ ಬಿಟ್ಟು ಉಳಿದಿದ್ದನ್ನ ಮನೆ ಗ್ಯಾರೇಜಲ್ಲೇ ಮಾಡ್ಬಹುದು.

ಯಾವ ವಿಧಾನ ಅಂತ ಮೊದ್ಲು ತೀರ್ಮಾನ ಮಾಡಿ

ಹಳೇ ಕಾಲದ ನಿಜವಾದ ಬ್ಯಾಡ್ಜ್ ಅಂದ್ರೆ ತಾಮ್ರದ ತಗಡನ್ನ ಡೈಯಲ್ಲಿ ಒತ್ತಿ, ಗುಳಿಯೊಳಗೆ ಗಾಜಿನ ಪುಡಿ ತುಂಬಿ, ಸುಮಾರು 800 ಡಿಗ್ರಿ ಕುಲುಮೆಯಲ್ಲಿ ಕರಗ್ಸಿ, ಕಲ್ಲಲ್ಲಿ ಉಜ್ಜಿ ಸಮ ಮಾಡಿದ್ದು. ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರ್ ಈ ಕೆಲಸಕ್ಕೇ ಹೆಸರುವಾಸಿ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಶುರುವಾಗಿದ್ದು 1919ರಲ್ಲಿ, ಅವರ ಹಳೇ ಬ್ಯಾಡ್ಜು ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ. ಗಾಜಿನ ಬಣ್ಣಕ್ಕೆ ಬಿಸಿಲು ಏನೂ ಮಾಡಲ್ಲ. ಅದು ಹಾಳಾಗೋದು ಏಟು ಬಿದ್ದು ಚಕ್ಕೆ ಹಾರಿದ್ರೆ ಮಾತ್ರ.

ಇದನ್ನೇ ಮಾಡ್ಸ್ಬೇಕು ಅಂದ್ರೆ ಜೈಪುರದ ಮೀನಾಕಾರಿ ಕೆಲಸಗಾರರ ಹತ್ರ ಹೋಗ್ಬಹುದು, ಆದ್ರೆ ಲೋಹ ತಾಮ್ರ ಇರ್ಲಿ. ಹಿತ್ತಾಳೆಯಲ್ಲಿ ಸತು ಜಾಸ್ತಿ ಇರೋದ್ರಿಂದ ಆ ಬಿಸಿಗೆ ಗಾಜಿನ ಕೆಳಗೆ ಗುಳ್ಳೆ ಏಳತ್ತೆ, ಎನಾಮೆಲ್ ಕಚ್ಕೊಳ್ಳಲ್ಲ. ಒಂದೊಂದು ಪೀಸೂ ಕೈಕೆಲಸ, ದುಡ್ಡೂ ಹಂಗೇ.

ಎರಕದ ದಾರಿ ಇನ್ನೊಂದು. ನಾಗಮಂಗಲದಲ್ಲಿ ವಿಗ್ರಹ ಎರಕ ಹೊಯ್ಯೋರಿದ್ದಾರೆ, ಮೇಣದ ಅಚ್ಚಿಂದ ಹಿತ್ತಾಳೆ ಬ್ಯಾಡ್ಜೂ ಬರತ್ತೆ, ದಪ್ಪಗೆ ಗಟ್ಟಿಯಾಗಿ ಚೆನ್ನಾಗಿರತ್ತೆ, ಆದ್ರೆ ಸಣ್ಣ ಅಕ್ಷರ ಮಸುಕಾಗತ್ತೆ, ಮತ್ತೆ ಎರಕ ಆರ್ದಾಗ ಸುಮಾರು ಒಂದೂವರೆ ಪರ್ಸೆಂಟ್ ಕುಗ್ಗೋದ್ರಿಂದ ಅಚ್ಚನ್ನ ಅಷ್ಟು ದೊಡ್ಡದಾಗೇ ಮಾಡ್ಬೇಕು. ಬರೀ ಒಂದು ಗಂಡಾನೆ ಮುಖ, ಒಂದು ಚಕ್ರ, ನಾಕು ದೊಡ್ಡ ಅಕ್ಷರ ಇದ್ರೆ ಎರಕ ಸರಿ. ಬಿದರಿ ಕೆಲಸದಲ್ಲಿ ಮಾಡ್ಸಿದ್ರೆ ಹೆಂಗೆ ಅಂತ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಡ್ಯಾಶ್‌ಬೋರ್ಡ್ ಮೇಲಾದ್ರೆ ಧಾರಾಳವಾಗಿ ಮಾಡ್ಸಿ, ಬಾನೆಟ್ ಮುಂದೆ ಬೇಡ. ಅದು ಸತುವಿನ ಮಿಶ್ರಲೋಹ, ಮಳೆ ನೀರು ಕೆಸರು ಬಿದ್ರೆ ಆ ಕಪ್ಪು ಉಳಿಯಲ್ಲ.

ಎಚಿಂಗಿಗೆ ಡೈ ಬೇಡ, ಅಚ್ಚು ಬೇಡ, ಒಂದು ಫಿಲ್ಮ್ ಪ್ರಿಂಟ್ ಸಾಕು, ಡಿಸೈನ್ ಬದಲಾಯಿಸ್ಬೇಕು ಅಂದ್ರೆ ಇನ್ನೊಂದು ಫಿಲ್ಮ್, ಅಷ್ಟೇ. ಅದಕ್ಕೇ ಸಣ್ಣ ಕ್ಲಬ್ಬಿಗೆ ಇದೇ ಸರಿ ಅಂತ ನನ್ನ ಲೆಕ್ಕ.

ಸೈಜು ಮತ್ತು ತಗಡು

ಗ್ರಿಲ್ ಬ್ಯಾಡ್ಜ್ ಸಾಮಾನ್ಯವಾಗಿ 75ರಿಂದ 95 ಮಿಲಿಮೀಟರ್ ಇರತ್ತೆ. ಕ್ಲಬ್ಬಲ್ಲಿ ಆಸ್ಟಿನ್ ಸೆವೆನ್, ಮಾರಿಸ್ ಮೈನರ್ ಥರದ ಚಿಕ್ಕ ಮೂತಿ ಕಾರುಗಳಿದ್ರೆ 80 ದಾಟ್ಬೇಡಿ, ದೊಡ್ಡ ಬ್ಯೂಕು ಶೆವರ್ಲೆಗಳಿಗೂ 80 ಏನೂ ಚಿಕ್ಕದಾಗಿ ಕಾಣಲ್ಲ. ತಗಡು 2 ಮಿಲಿಮೀಟರ್ ಹಿತ್ತಾಳೆ, ಅಂಗಡಿಯಲ್ಲಿ 14 ಗೇಜ್ ಅಂತ ಕೇಳಿ. 80 ಮಿಲಿಮೀಟರಿನ ಒಂದು ಬಿಲ್ಲೆ ಸುಮಾರು 85 ಗ್ರಾಂ ತೂಗತ್ತೆ, ಹಿತ್ತಾಳೆ ಕೆಜಿ ಲೆಕ್ಕದಲ್ಲಿ ಮಾರೋದ್ರಿಂದ ಇದು ಗೊತ್ತಿದ್ರೆ ಬಜೆಟ್ ಹಾಕೋಕೆ ಸುಲಭ, ಕಟ್ ಆಗಿ ಹೋಗೋ ಮೂಲೆ ಚೂರುಗಳಿಗೆ ಅಂತ ಮೇಲೆ ಇನ್ನೂ ಹೆಚ್ಚುಕಮ್ಮಿ ಅಷ್ಟೇ ತೂಕ ಸೇರ್ಸ್ಕೊಳ್ಳಿ. ತಗಡು ತಗೋವಾಗ ಗೀರು ಬಿದ್ದಿಲ್ದೇ ಇರೋ ಹಾಳೆ ಆರಿಸಿ, ಅಂಗಡಿಯವ್ರು ನೆಲದ ಮೇಲೆ ದರದರ ಎಳೆದು ತರ್ತಾರೆ, ಆ ಗೀರನ್ನೆಲ್ಲ ಆಮೇಲೆ ತಿಕ್ಕಿ ತೆಗೆಯೋರು ನೀವೇ.

ಡಿಸೈನು: ಇಲ್ಲೇ ಟೈಮ್ ಹಾಕಿ

ಕಂಪ್ಯೂಟರ್ ಸ್ಕ್ರೀನ್ ಮೇಲೆ ಚೆನ್ನಾಗಿ ಕಂಡಿದ್ದೆಲ್ಲ ಹಿತ್ತಾಳೆ ಮೇಲೆ ಬರಲ್ಲ. ಆಸಿಡ್ಡು ಕೆಳಗೆ ತಿಂತಾ ಹೋಗೋ ಹಾಗೇ ಪಕ್ಕಕ್ಕೂ ತಿನ್ನತ್ತೆ. ನಮಗೆ ಬಣ್ಣ ತುಂಬೋಕೆ ಕನಿಷ್ಠ 0.4 ಮಿಲಿಮೀಟರ್ ಆಳ ಬೇಕು, ಅಷ್ಟು ಆಳ ಹೋಗೋದ್ರೊಳಗೆ ಪ್ರತಿ ಗೆರೆಯ ಎರಡೂ ಬದಿಯಿಂದ ಸುಮಾರು 0.2 ಹೋಗಿರತ್ತೆ. ಅಂದ್ರೆ ನೀವು 0.5 ಅಗಲದ ಗೆರೆ ಹಾಕಿದ್ರೆ ಕೊನೆಗೆ ಉಳಿಯೋದು ದಾರದ ಎಳೆಯಷ್ಟು, ಅದೂ ಪಾಲಿಶ್ ಮಾಡ್ವಾಗ ಕಿತ್ಕೊಂಡು ಬರತ್ತೆ. ಹಂಗಾಗಿ ಎದ್ದು ಕಾಣ್ಬೇಕಾದ ಯಾವ ಗೆರೆನೂ ಆರ್ಟ್‌ವರ್ಕಲ್ಲಿ 0.9 ಮಿಲಿಮೀಟರಿಗಿಂತ ಕಡಿಮೆ ಇರ್ಬಾರ್ದು, ಒಂದು ಮಿಲಿಮೀಟರ್ ಇದ್ರೆ ಇನ್ನೂ ನೆಮ್ಮದಿ. ವೈರ್ ವೀಲ್ ಬರೆಯೋದಾದ್ರೆ ನಿಜವಾದ ಚಕ್ರದಲ್ಲಿರೋ ಅಷ್ಟೂ ಕಡ್ಡಿ ಬರೀಬೇಡಿ, ಹನ್ನೆರಡೋ ಹದಿನಾರೋ ಸಾಕು, ನೋಡೋರು ಯಾರೂ ಎಣಿಸಲ್ಲ.

ಈಗ ಕನ್ನಡ ಅಕ್ಷರ. ಇಂಗ್ಲಿಷ್ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ದುಂಡಗಿನ ಪಟ್ಟಿಯೊಳಗೆ ಹಾಯಾಗಿ ಕೂತ್ಕೊಳ್ತವೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರತ್ತೆ. "ಕ್ಲಾಸಿಕ್ ಕಾರ್ ಕ್ಲಬ್" ಅಂತ ವೃತ್ತದ ಮೇಲ್ಭಾಗದಲ್ಲಿ ಬರೆದ್ರೆ ಆ ಎರಡು ಲ ಒತ್ತುಗಳು ಒಳಗಿನ ರಿಂಗಿಗೆ ಹೋಗಿ ಗುದ್ದತ್ತೆ, ಆಗ ಡಿಸೈನರ್ ಏನ್ ಮಾಡ್ತಾನೆ ಅಂದ್ರೆ ಇಡೀ ಸಾಲನ್ನೇ ಚಿಕ್ಕದು ಮಾಡ್ತಾನೆ, ಅಲ್ಲಿಗೆ ಅಕ್ಷರದ ಹೊಟ್ಟೆಯೊಳಗಿನ ಜಾಗ ಎಲ್ಲಾ ಮುಚ್ಕೊಂಡು ಹೋಗತ್ತೆ. ಅದರ ಬದ್ಲು ಪಟ್ಟಿನೇ ಅಗಲ ಮಾಡಿ. ಅಕ್ಷರದ ಎತ್ತರ 6 ಮಿಲಿಮೀಟರ್ ಇದ್ರೆ ಪಟ್ಟಿ 10 ಇರ್ಲಿ, ಒತ್ತಿಗೆ ಅಂತಲೇ ಒಳಗಡೆ ಮೂರು ಮಿಲಿಮೀಟರ್ ಖಾಲಿ ಬಿಡಿ. ಊರಿನ ಹೆಸರು ಹಾಕೋದಾದ್ರೆ ಬೆಂಗಳೂರು, ಮಂಗಳೂರು, ಕೊಡಗು ಇವಕ್ಕೆ ಒತ್ತಕ್ಷರನೇ ಇಲ್ಲ, ಆರಾಮ. ಹುಬ್ಬಳ್ಳಿಯವ್ರಿಗೆ ಎರಡೆರಡು, ಅವ್ರು ಅಗಲದ ಪಟ್ಟಿ ಇಟ್ಕೊಳ್ಳೇಬೇಕು.

ಇನ್ನೊಂದಷ್ಟು ಸಣ್ಣ ಅಪಾಯಗಳಿವೆ. ಷ ಒಳಗಿನ ಗೀಟು, ಠ ಒಳಗಿನ ಚುಕ್ಕಿ, ಧ ಮತ್ತು ಭ ಕೆಳಗಿನ ಸೀಳು, ಇವೆಲ್ಲ ಸಣ್ಣ ಸೈಜಲ್ಲಿ ಮಾಯ ಆಗ್ತವೆ, ಷ ಹೋಗಿ ಪ ಆಗತ್ತೆ, ಭ ಹೋಗಿ ಬ ಆಗತ್ತೆ. ಸ್ಥಾಪನೆಯ ವರ್ಷವನ್ನ ಕನ್ನಡ ಅಂಕಿಯಲ್ಲಿ ಹಾಕಿದ್ರೆ ನೋಡೋಕೆ ಬಹಳ ಚಂದ, ಆದ್ರೆ ೧ರ ಬಾಯಿ ಸರಿಯಾಗಿ ತೆರೆದಿರ್ಲಿ, ಇಲ್ಲಾಂದ್ರೆ ಬಣ್ಣ ತುಂಬಿದ ಮೇಲೆ ಅದು ೦ ಆಗಿ ಕಾಣತ್ತೆ, ನಿಮ್ಮ ಕ್ಲಬ್ಬಿನ ವಯಸ್ಸೇ ಬದಲಾಗತ್ತೆ. ಫಾಂಟ್ ವಿಷಯಕ್ಕೆ ಬಂದ್ರೆ ದಪ್ಪ ತೆಳು ಏರಿಳಿತ ಇರೋ ಪುಸ್ತಕದ ಫಾಂಟ್ ಬೇಡ, ಅದರ ತೆಳು ಭಾಗ ಮತ್ತೆ ತಲೆಕಟ್ಟು ಎಲ್ಲಾ ಆಸಿಡ್ ಪಾಲು. ನೋಟೊ ಸಾನ್ಸ್ ಕನ್ನಡ ಬೋಲ್ಡ್ ಥರ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ದಪ್ಪ ಇರೋದನ್ನ ತಗೊಳ್ಳಿ, ಅಥವಾ ಹಳೇ ಸೈನ್‌ಬೋರ್ಡ್ ಆರ್ಟಿಸ್ಟ್ ಯಾರಾದ್ರೂ ಸಿಕ್ಕಿದ್ರೆ ಕೈಯಲ್ಲೇ ಬರೆಸಿ ಸ್ಕ್ಯಾನ್ ಮಾಡಿ, ಅದರ ಮುಂದೆ ಯಾವ ಫಾಂಟೂ ಇಲ್ಲ.

ಡಿಟಿಪಿ ಅಂಗಡಿಗೆ ಕಳಿಸೋ ಮುಂಚೆ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ (ಫಾಂಟ್ ಇಲ್ದೇನೂ ಕಾಣೋ ಗೆರೆಗಳಿಗೆ) ಕನ್ವರ್ಟ್ ಮಾಡಿ. ನಿಮ್ಮ ಹತ್ರ ಯುನಿಕೋಡ್, ಅವ್ರ ಹತ್ರ ಹಳೇ ನುಡಿ ಫಾಂಟ್ ಇರೋ ಕೋರೆಲ್‌ಡ್ರಾ, ಫೈಲ್ ತೆಗೆದ್ರೆ ಅಕ್ಷರದ ಬದ್ಲು ಚೌಕಗಳು. ವೃತ್ತದ ಮೇಲೆ ಅಕ್ಷರ ಕೂರಿಸ್ವಾಗ ಕೆಲವು ಸಾಫ್ಟ್‌ವೇರ್‌ಗಳು ಒತ್ತನ್ನ ಬಿಡಿಸಿ ಪಕ್ಕಕ್ಕೆ ಇಟ್ಬಿಡ್ತವೆ, "ಕ್ಲಬ್" ಹೋಗಿ "ಕ್‌ಲಬ್" ಆಗತ್ತೆ. ಕೊನೆಯ ಪ್ರೂಫನ್ನ ಕನ್ನಡ ಓದೋಕೆ ಬರೋ ಇಬ್ರಾದ್ರೂ ನೋಡ್ಲಿ, ನಿಜವಾದ ಸೈಜಲ್ಲಿ ಪೇಪರ್ ಮೇಲೆ ಪ್ರಿಂಟ್ ಹಾಕಿ, ಕಾರಿಗೆ ಅಂಟ್ಸಿ, ನಾಕು ಹೆಜ್ಜೆ ಹಿಂದೆ ನಿಂತು ಓದ್ಲಿ. ಮೊಬೈಲಲ್ಲಿ ಝೂಮ್ ಮಾಡಿ ಓಕೆ ಅನ್ನೋದು ಪ್ರೂಫ್ ನೋಡಿದ ಹಾಗಲ್ಲ.

ಚಿತ್ರದ ವಿಷಯದಲ್ಲಿ ಒಂದೇ ಎಚ್ಚರಿಕೆ. ನಮ್ಮ ಕಡೆ ಎಲ್ಲರಿಗೂ ಗಂಡಭೇರುಂಡ ಬೇಕು. ಆದ್ರೆ ಕರ್ನಾಟಕ ಸರ್ಕಾರದ ಲಾಂಛನವನ್ನ ಇದ್ದ ಹಾಗೇ ಎತ್ತಿ ಹಾಕೋ ಹಾಗಿಲ್ಲ, 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಇದೆ, ಸಿಂಹದ ಮುದ್ರೆಗಂತೂ 2005ರ ಬೇರೆ ಕಾಯ್ದೆನೇ ಇದೆ. ಕಾರ್ ಕಂಪನಿಗಳ ಲೋಗೋನೂ ಬೇಡ, ಅದು ಅವ್ರ ಟ್ರೇಡ್‌ಮಾರ್ಕ್, ಮತ್ತೆ ಬೆನ್ಜ್ ಸ್ಟಾರ್ ಹಾಕಿದ್ರೆ ಫಿಯೆಟ್ಟಿನವ್ರು ಸುಮ್ನಿರ್ತಾರಾ?

ಫಿಲ್ಮು, ರೆಸಿಸ್ಟು

ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಮಾಡೋರು ಬಳಸೋ ಡ್ರೈ ಫಿಲ್ಮ್ ಫೋಟೋರೆಸಿಸ್ಟ್ ಬೇಕು, ಅಂದ್ರೆ ತಗಡಿಗೆ ಅಂಟಿ ಆಸಿಡ್ ತಡೆಯೋ ಹಾಳೆ, ತಗಡು ತಿನ್ನೋ ಆಸಿಡ್ ಆದ ಫೆರಿಕ್ ಕ್ಲೋರೈಡ್ ಜೊತೆಗೇ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಈ ರೆಸಿಸ್ಟಲ್ಲಿ ಬೆಳಕು ಬಿದ್ದ ಜಾಗ ಗಟ್ಟಿಯಾಗಿ ಉಳಿಯತ್ತೆ, ಬೀಳದ ಜಾಗ ತೊಳೆದು ಹೋಗತ್ತೆ, ಹಂಗಾಗಿ ನಿಮ್ಮ ಟ್ರಾನ್ಸ್‌ಪರೆನ್ಸಿ (ಡಿಸೈನ್ ಪ್ರಿಂಟ್ ಆದ ಪಾರದರ್ಶಕ ಫಿಲ್ಮ್) ನೆಗೆಟಿವ್ ಇರ್ಬೇಕು. ಎದ್ದು ನಿಲ್ಬೇಕಾದ ಗೆರೆ ಅಕ್ಷರ ಪಾರದರ್ಶಕ, ಬಣ್ಣ ತುಂಬೋ ಗುಳಿ ಕಪ್ಪು. ಕಪ್ಪು ಅಂದ್ರೆ ಗಾಢ ಕಪ್ಪು, ಬಲ್ಬಿಗೆ ಹಿಡಿದ್ರೆ ಬೆಳಕು ಕಾಣ್ಬಾರ್ದು, ಕಂಡ್ರೆ ಎರಡು ಫಿಲ್ಮ್ ಒಂದರ ಮೇಲೊಂದು ಜೋಡಿಸಿ ಟೇಪ್ ಹಾಕಿ.

ಹಿತ್ತಾಳೆ ತಗಡನ್ನ ಸ್ಕಾಚ್‌ಬ್ರೈಟ್ ಮತ್ತು ಪಾತ್ರೆ ಸೋಪಿಂದ ಚೆನ್ನಾಗಿ ತಿಕ್ಕಿ ತೊಳೆದು ನೀರು ಸುರಿದು ನೋಡಿ. ನೀರು ಹಾಳೆಯ ಹಾಗೆ ಪೂರ್ತಿ ಹರಡ್ಕೊಂಡು ನಿಂತ್ರೆ ಕ್ಲೀನ್ ಆಗಿದೆ, ಹನಿಹನಿಯಾಗಿ ಒಡೆದ್ರೆ ಇನ್ನೂ ಜಿಡ್ಡಿದೆ. ಆಮೇಲೆ ಬೆರಳು ತಾಗಿಸ್ಬೇಡಿ. 300 ಬೈ 200 ಮಿಲಿಮೀಟರ್ ತಗಡಲ್ಲಿ 80ರ ಬ್ಯಾಡ್ಜ್ ಆರು ಕೂರತ್ತೆ, ಈ ಸೈಜು ಮನೆಯಲ್ಲಿ ನಿಭಾಯಿಸೋಕೆ ಅನುಕೂಲ, ಇನ್ನೂ ದೊಡ್ಡ ಹಾಳೆ ತಗೊಂಡ್ರೆ ಎಚಿಂಗ್ ಎಲ್ಲಾ ಕಡೆ ಸಮ ಬರಲ್ಲ. ರೆಸಿಸ್ಟನ್ನ ಹಳದಿ ಬಲ್ಬಿನ ಕೆಳಗೆ, ಐಡಿ ಕಾರ್ಡ್ ಲ್ಯಾಮಿನೇಟರಲ್ಲಿ ಬಿಸಿಯಾಗಿ ಒತ್ತಿ ಅಂಟ್ಸಿ, ಕೆಳಗೆ ಗಾಳಿಗುಳ್ಳೆ ಉಳೀಬಾರ್ದು. 2 ಮಿಲಿಮೀಟರ್ ತಗಡು ಲ್ಯಾಮಿನೇಟರಿಗೆ ಹೋಗ್ಲಿಲ್ಲಾಂದ್ರೆ ಇಸ್ತ್ರಿ ಪೆಟ್ಟಿಗೆ, ಮಧ್ಯ ಒಂದು ಪೇಪರ್ ಇಟ್ಟು.

ಎಕ್ಸ್‌ಪೋಷರ್‌ಗೆ (ಫಿಲ್ಮ್ ಮೂಲಕ ರೆಸಿಸ್ಟಿಗೆ ಬೆಳಕು ಹಾಯಿಸೋಕೆ) ಯುವಿ ಲ್ಯಾಂಪ್ ಬೇಕು. ಎಷ್ಟು ಹೊತ್ತು ಅಂತ ಯಾರನ್ನೂ ಕೇಳ್ಬೇಡಿ, ಒಂದು ಚೂರು ತಗಡಲ್ಲಿ ರಟ್ಟು ಸರಿಸ್ತಾ ಸರಿಸ್ತಾ ಐದಾರು ಟೈಮಿಂಗ್ ಟೆಸ್ಟ್ ಮಾಡಿ ನೋಡ್ಕೊಳ್ಳಿ, ಪ್ರತಿ ಲ್ಯಾಂಪಿಗೂ ಬೇರೆನೇ. ಫಿಲ್ಮಿನ ಪ್ರಿಂಟ್ ಆಗಿರೋ ಮುಖ ರೆಸಿಸ್ಟಿಗೆ ತಾಗಿರ್ಬೇಕು, ಮೇಲೆ ಗಾಜು ಒತ್ತಿರ್ಬೇಕು, ಮತ್ತೆ ಆ ಮುಖದಲ್ಲಿ ಕನ್ನಡ ಉಲ್ಟಾ ಇರೋ ಹಾಗೆ ಪ್ರಿಂಟ್ ಹಾಕ್ಸಿರ್ಬೇಕು. ಡೆವಲಪ್ ಮಾಡೋಕೆ (ಬೆಳಕು ಬೀಳದ ರೆಸಿಸ್ಟ್ ತೊಳೆಯೋಕೆ) ಒಂದು ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ, ಮೆತ್ತನೆ ಬ್ರಶ್ಶಲ್ಲಿ ನಿಧಾನ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ. ತಗಡಿನ ಹಿಂಭಾಗ ಮತ್ತು ಅಂಚಿಗೆ ಪ್ಯಾಕಿಂಗ್ ಟೇಪ್ ಹಾಕಿ ಪೂರ್ತಿ ಮುಚ್ಚಿ.

ಎಚಿಂಗ್

ಗ್ಲೌಸು, ಕನ್ನಡಕ, ಹಳೇ ಬಟ್ಟೆ, ಕಿಟಕಿ ಬಾಗಿಲು ತೆಗೆದಿರೋ ಜಾಗ. ಫೆರಿಕ್ ಕ್ಲೋರೈಡ್ ಪುಡಿ ತಗೊಂಡಿದ್ರೆ ನೀರಿಗೆ ಪುಡಿನ ಸ್ವಲ್ಪ ಸ್ವಲ್ಪ ಹಾಕ್ಬೇಕು, ಪುಡಿ ಮೇಲೆ ನೀರು ಸುರಿದ್ರೆ ಕುದ್ದು ಸಿಡಿಯತ್ತೆ. ಪ್ಲಾಸ್ಟಿಕ್ ಟ್ರೇ ಮಾತ್ರ, ಸ್ಟೀಲು ಅಲ್ಯೂಮಿನಿಯಂ ಹತ್ರಾನೂ ತರ್ಬೇಡಿ, ಅಡುಗೆಮನೆ ಸಿಂಕಲ್ಲಿ ಈ ಕೆಲಸ ಇಟ್ಕೊಂಡ್ರೆ ಸಿಂಕಿಗೆ ತೂತು, ಮನೇಲಿ ನಿಮಗೆ ಊಟ ಇಲ್ಲ. ಕಲೆ ಬಿದ್ರೆ ಗ್ರಾನೈಟ್ ಮೇಲಿಂದಾನೂ ಹೋಗಲ್ಲ.

ದ್ರಾವಣ 40ರಿಂದ 45 ಡಿಗ್ರಿ ಬೆಚ್ಚಗಿರ್ಲಿ, ಬಿಸಿನೀರು ತುಂಬಿದ ದೊಡ್ಡ ಟಬ್ಬಿನೊಳಗೆ ಟ್ರೇ ಇಟ್ರೆ ಸಾಕು. ತಗಡನ್ನ ಮುಖ ಕೆಳಗೆ ಮಾಡಿ ತೇಲ್ಸಿ ಅಥವಾ ನಾಕು ಮೂಲೆಗೆ ಪ್ಲಾಸ್ಟಿಕ್ ಕಾಲು ಕೊಟ್ಟು ನಿಲ್ಸಿ. ಮುಖ ಮೇಲೆ ಇದ್ರೆ ಕರಗಿದ ಗಸಿ ಗುಳಿಯಲ್ಲೇ ಕೂತು ಕೆಲಸ ನಿಲ್ಲತ್ತೆ, ಕೆಳಗಿದ್ರೆ ತಾನಾಗೇ ಉದುರತ್ತೆ. ಅಕ್ವೇರಿಯಂ ಪಂಪಿಂದ ಗಾಳಿ ಬಿಟ್ರೆ ಇನ್ನೂ ಬೇಗ. ಆದ್ರೂ 0.4 ಮಿಲಿಮೀಟರ್ ಅನ್ನೋದು ಪಿಸಿಬಿ ಮಾಡಿದಷ್ಟು ಸುಲಭ ಅಲ್ಲ, ಅಲ್ಲಿ ತಾಮ್ರದ ಪದರ ಇದರ ಹತ್ತನೇ ಒಂದು ಭಾಗನೂ ಇರಲ್ಲ, ಇಲ್ಲಿ ಗಂಟೆಗಟ್ಲೆ ಹಿಡಿಯತ್ತೆ. ಹದಿನೈದು ನಿಮಿಷಕ್ಕೊಂದ್ಸಲ ತೆಗೆದು ತೊಳೆದು, ವರ್ನಿಯರ್ ಕ್ಯಾಲಿಪರಿನ ಹಿಂದಿನ ಕಡ್ಡಿಯಿಂದ ಆಳ ಅಳೀರಿ, ತಗಡನ್ನ ತಿರುಗ್ಸಿ ಮತ್ತೆ ಹಾಕಿ. ರೆಸಿಸ್ಟ್ ಎಲ್ಲಾದ್ರೂ ಎದ್ದಿದ್ರೆ ಒಣಗ್ಸಿ ಪರ್ಮನೆಂಟ್ ಮಾರ್ಕರಿಂದ ಮುಚ್ಚಿ. 0.4 ಆಯ್ತಾ, ನಿಲ್ಸಿ, ಇನ್ನೂ ಸ್ವಲ್ಪ ಅಂತ ಆಸೆ ಬೇಡ, ಆ ಸ್ವಲ್ಪದಲ್ಲೇ ಒತ್ತಕ್ಷರಗಳು ಹೋಗೋದು.

ವಾಷಿಂಗ್ ಸೋಡಾ ನೀರಲ್ಲಿ ಅದ್ದಿ ಆಸಿಡ್ ಸಾಯಿಸಿ, ರೆಸಿಸ್ಟನ್ನ ತೆಳು ಕಾಸ್ಟಿಕ್ ಸೋಡಾ ನೀರಲ್ಲಿ ಕಿತ್ತು ಹಾಕಿ. ಬಳಸಿದ ದ್ರಾವಣದಲ್ಲಿ ಈಗ ತಾಮ್ರ ಸತು ಎರಡೂ ಕರಗಿರತ್ತೆ, ಅದನ್ನ ಚರಂಡಿಗೂ ಗಿಡದ ಬುಡಕ್ಕೂ ಚೆಲ್ಲೋ ಹಾಗಿಲ್ಲ. ನೊರೆ ನಿಲ್ಲೋವರೆಗೂ ವಾಷಿಂಗ್ ಸೋಡಾ ಹಾಕಿ ಗಸಿ ತಳಕ್ಕೆ ಕೂತ ಮೇಲೆ, ಕ್ಯಾನಿಗೆ ತುಂಬಿ, ಪ್ಲೇಟಿಂಗಿಗೆ ಹೋಗ್ವಾಗ ಜೊತೇಲೇ ಒಯ್ದು ಅವ್ರ ಕೊಳಕು ನೀರಿನ ಎಫ್ಲುಯೆಂಟ್ ಟ್ರೀಟ್‌ಮೆಂಟಿಗೆ ಸೇರ್ಸ್ಕೊಳ್ತಾರಾ ಅಂತ ಮೊದ್ಲೇ ಮಾತಾಡಿಟ್ಕೊಳ್ಳಿ.

ಕತ್ತರಿಸೋದು, ಸ್ಟಡ್, ನಂಬರು

ಬರೀ ದುಂಡಗಿದ್ರೆ ಲೇತ್ ಶಾಪಲ್ಲಿ ತಿರುಗ್ಸಿ ಕೊಡ್ತಾರೆ. ಗುರಾಣಿ ಆಕಾರ, ರೇಡಿಯೇಟರ್ ಆಕಾರ ಅಂದ್ರೆ ಅಕ್ಕಸಾಲಿಗರ ಸಣ್ಣ ಗರಗಸನೇ ಸರಿ, ಗೆರೆಯಿಂದ ಅರ್ಧ ಮಿಲಿಮೀಟರ್ ಹೊರಗೆ ಕೊಯ್ದು ಆಮೇಲೆ ಅರದಲ್ಲಿ ಉಜ್ಜಿ. ಮೂವತ್ತು ಪೀಸ್ ಕೈಯಲ್ಲಿ ಕೊಯ್ಯೋಕೆ ಬೇಜಾರಾದ್ರೆ ಪೀಣ್ಯದಲ್ಲಿ ಫೈಬರ್ ಲೇಸರ್ ಕಟಿಂಗ್ ಇದೆ, ಹಳೇ ಸಿಓಟೂ ಲೇಸರ್ ಹಿತ್ತಾಳೆಗೆ ಆಗಲ್ಲ, ಬೆಳಕನ್ನ ವಾಪಸ್ ಎಸೆಯತ್ತೆ.

ಸ್ಟಡ್ ಅಂತ ಹಿಂದೆ ಎರಡು ಎಂ4 (4 ಮಿಲಿಮೀಟರ್) ಹಿತ್ತಾಳೆ ಸ್ಕ್ರೂ, ತಲೆ ಬ್ಯಾಡ್ಜಿಗೆ ಅಂಟೋ ಹಾಗೆ ಬೆಸುಗೆ ಹಾಕಿ. ಒಂದೇ ಹಾಕಿದ್ರೆ ಬ್ಯಾಡ್ಜ್ ತಿರುಗ್ತಾ ಇರತ್ತೆ, ಮಡಿಕೇರಿ ಘಾಟಿ ಹತ್ತಿ ಇಳಿಯೋದ್ರೊಳಗೆ ಆನೆ ತಲೆಕೆಳಗಾಗಿರತ್ತೆ. ಎರಡರ ನಡುವಿನ ಅಂತರ ಎಲ್ಲಾ ಬ್ಯಾಡ್ಜಲ್ಲೂ ಒಂದೇ ಇರೋಕೆ ಒಂದು ಮರದ ಜಿಗ್ (ಅಳತೆ ಹಿಡಿಯೋ ಚೌಕಟ್ಟು) ಮಾಡ್ಕೊಳ್ಳಿ, 40 ಮಿಲಿಮೀಟರ್ ಸಾಕು. 85 ಗ್ರಾಂ ತೂಕಕ್ಕೆ ಸಾಧಾರಣ ಸೀಸ-ತವರದ ಬೆಸುಗೆ ಧಾರಾಳ. ಅಕ್ಕಸಾಲಿಗರ ಹತ್ರ ಬಿಳಿಗಾರ ಹಾಕಿ ಬೆಳ್ಳಿ ಬೆಸುಗೆ ಮಾಡ್ಸಿದ್ರೆ ಗಟ್ಟಿ ನಿಜ, ಆದ್ರೆ ಇಡೀ ಬಿಲ್ಲೆ ಕೆಂಪಗೆ ಕಾಯ್ಬೇಕು, ಹಿತ್ತಾಳೆ ಮೆತ್ತಗಾಗಿ ಸೊಟ್ಟ ಆಗತ್ತೆ.

ಮೆಂಬರ್ ನಂಬರ್ ಹಾಕೋದನ್ನ ಬಿಡ್ಬೇಡಿ. ಬ್ರಿಟನ್ನಿನ ಆಟೋಮೊಬೈಲ್ ಅಸೋಸಿಯೇಷನ್ 1905ರಲ್ಲಿ ಶುರುವಾಯ್ತು, ಅವ್ರ ಬ್ಯಾಡ್ಜ್ ಮೇಲೆ ಮೆಂಬರ್ ನಂಬರ್ ಇರ್ತಿತ್ತು, ರಸ್ತೇಲಿ ಸೈಕಲ್ ಮೇಲೆ ನಿಂತಿರೋ ಅವ್ರ ಗಸ್ತಿನವ್ನು ಬ್ಯಾಡ್ಜ್ ನೋಡಿದ್ರೆ ಸಲ್ಯೂಟ್ ಹೊಡೀತಿದ್ದ, ಹೊಡೀಲಿಲ್ಲ ಅಂದ್ರೆ ಮುಂದೆ ಪೊಲೀಸ್ನೋರು ಸ್ಪೀಡ್ ಹಿಡಿಯೋಕೆ ಕೂತಿದಾರೆ ಅಂತ ಅರ್ಥ. ನಮಗೆ ಅಷ್ಟೆಲ್ಲ ಇಲ್ಲ, ಆದ್ರೂ ನಂಬರ್ ಇದ್ರೆ ಕಳೆದ್ರೆ ಗೊತ್ತಾಗತ್ತೆ, ಕ್ಲಬ್ ಬಿಟ್ಟೋರು ಮಾರಿದ್ರೂ ಗೊತ್ತಾಗತ್ತೆ. 3 ಮಿಲಿಮೀಟರ್ ನಂಬರ್ ಪಂಚ್ ಸೆಟ್ ಎಸ್.ಜೆ.ಪಿ. ರೋಡಲ್ಲಿ ಸಿಗತ್ತೆ. ಡಿಸೈನಲ್ಲೇ ಕೆಳಗೊಂದು ಎದ್ದಿರೋ ಖಾಲಿ ಪಟ್ಟಿ ಬಿಟ್ಟಿರಿ, ಸ್ಟಡ್ ಹಾಕೋ ಮುಂಚೆ ಗಟ್ಟಿ ಕಬ್ಬಿಣದ ಮೇಲಿಟ್ಟು ಒಂದೇ ಏಟು, ಎರಡನೇ ಏಟಿಗೆ ಅಂಕಿ ಜೋಡಿಯಾಗತ್ತೆ.

ಪಾಲಿಶ್ ಮತ್ತು ಪ್ಲೇಟಿಂಗ್

ಪ್ಲೇಟಿಂಗ್ ಏನನ್ನೂ ಮುಚ್ಚಲ್ಲ, ಕೆಳಗಿರೋ ಗೀರನ್ನ ಇನ್ನೂ ಫಳಫಳ ಅಂತ ತೋರಿಸತ್ತೆ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಇಟ್ಟು 400, 600, 1000 ಹೀಗೆ ಬ್ಯಾಡ್ಜನ್ನ ಮುಖ ಕೆಳಗೆ ಮಾಡಿ ಉಜ್ಜಿ, ಕೊನೆಗೆ ಬ್ರಾಸೊ. ಹೀಗೆ ಮಾಡಿದ್ರೆ ಎದ್ದಿರೋ ಗೆರೆಗಳು ಮಾತ್ರ ಹೊಳೆಯತ್ತೆ, ಗುಳಿಯ ತಳ ಒರಟಾಗೇ ಉಳಿಯತ್ತೆ, ಬಣ್ಣ ಹಿಡಿಯೋಕೆ ಅದೇ ಬೇಕು. ಪ್ಲೇಟಿಂಗ್ ಶಾಪಿನವ್ರು ನಿಮ್ಮ ಬ್ಯಾಡ್ಜ್ ನೋಡಿದ ತಕ್ಷಣ ದೊಡ್ಡ ಬಫಿಂಗ್ ವೀಲಿಗೆ (ಹೊಳಪು ಕೊಡೋ ಬಟ್ಟೆ ಚಕ್ರ) ಹಿಡಿಯೋಕೆ ಹೋಗ್ತಾರೆ, ಅವ್ರಿಗೆ ಅಭ್ಯಾಸ ಇರೋದು ಬಂಪರು, ನಲ್ಲಿ. ಅಕ್ಷರದ ಅಂಚೆಲ್ಲ ಸವೆದು ಸೋಪಿನ ಹಾಗಾಗತ್ತೆ. "ಬಫ್ ಬೇಡ, ಡೈರೆಕ್ಟ್ ಪ್ಲೇಟಿಂಗ್" ಅಂತ ಚೀಟಿ ಬರೆದು ಕವರಿಗೆ ಅಂಟ್ಸಿ ಕೊಡಿ. ಹಿಂದೆ ಬೆಸುಗೆ ಇದೆ ಅಂತಲೂ ಹೇಳಿ, ಮೊದ್ಲು ತೆಳು ತಾಮ್ರ ಹಾಕ್ಕೊಳ್ತಾರೆ. ಸ್ಟಡ್ಡಿನ ತ್ರೆಡ್ಡಿಗೆ ಸಣ್ಣ ಸಿಲಿಕೋನ್ ಟ್ಯೂಬ್ ಏರಿಸಿ, ಒಂದನ್ನ ಮಾತ್ರ ತಂತಿ ಕಟ್ಟೋಕೆ ಬಿಡಿ.

ನಿಕಲ್ಲಾ ಕ್ರೋಮಾ? ಕ್ರೋಮ್ ಅಂದ್ರೆ ಕೆಳಗೆ ಹತ್ತಿಪ್ಪತ್ತು ಮೈಕ್ರಾನ್ ನಿಕಲ್, ಮೇಲೆ ಅರ್ಧ ಮೈಕ್ರಾನೂ ಇಲ್ದೇ ಇರೋ ಕ್ರೋಮ್, ನೀಲಿ ಛಾಯೆಯ ತಣ್ಣನೆ ಹೊಳಪು. ನಿಕಲ್ಲಿಗೆ ಸ್ವಲ್ಪ ಹಳದಿ ಬೆಚ್ಚಗಿನ ಹೊಳಪು. ಕಾರುಗಳ ಮೇಲೆ ಕ್ರೋಮ್ ಬಂದಿದ್ದೇ 1920ರ ದಶಕದ ಕೊನೆಗೆ, ಅದಕ್ಕೂ ಹಿಂದಿನ ಕಾರುಗಳ ಲ್ಯಾಂಪು ರೇಡಿಯೇಟರ್ ಎಲ್ಲಾ ಹಿತ್ತಾಳೆ ಇಲ್ಲಾ ನಿಕಲ್. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾದ ವರ್ಗೀಕರಣದಲ್ಲಿ ವಿಂಟೇಜ್ ಅಂದ್ರೆ 1919ರಿಂದ 1930, ನಿಮ್ಮ ಕ್ಲಬ್ಬಲ್ಲಿ ಅಂಥ ಕಾರುಗಳೇ ಜಾಸ್ತಿ ಇದ್ರೆ ನಿಕಲ್ಲಿಗೇ ಹೋಗಿ. ಅಂಬಾಸಿಡರ್, ಫಿಯೆಟ್, ಹೆರಾಲ್ಡ್‌ಗಳ ಕ್ಲಬ್ಬಾದ್ರೆ ಕ್ರೋಮ್ ಒಪ್ಪತ್ತೆ, ಆದ್ರೆ ಕ್ರೋಮ್ ಮೇಲೆ ಎಪಾಕ್ಸಿ ಕಚ್ಕೊಳ್ಳೋದು ಕಡಿಮೆ. ನನಗೆ ಕೇಳಿದ್ರೆ ಎರಡಕ್ಕೂ ನಿಕಲ್ಲೇ. ಮನೇಲಿ ಕ್ರೋಮ್ ಪ್ಲೇಟಿಂಗ್ ಕಿಟ್ ಅಂತ ಹೋಗ್ಲೇಬೇಡಿ, ಆ ಕ್ರೋಮಿಕ್ ಆಸಿಡ್ ಕ್ಯಾನ್ಸರ್ ತರೋ ವಿಷ.

ಬಣ್ಣ

ಪ್ಲೇಟಿಂಗ್ ಆದ ಮೇಲೇ ಬಣ್ಣ, ಮೊದ್ಲು ಬಣ್ಣ ತುಂಬಿ ಕೊಟ್ರೆ ಅಲ್ಲಿನ ಬಿಸಿ ಕ್ಷಾರದ ತೊಟ್ಟಿಯಲ್ಲಿ ಎಪಾಕ್ಸಿ ಎದ್ದು ಬರತ್ತೆ.

ಎಲ್ಲರೂ ಸೋಲೋದು ಇಲ್ಲಿ, ಕಾರಣ ಕೈಚಳಕ ಕಡಿಮೆ ಅಂತಲ್ಲ, ತಪ್ಪು ರೆಸಿನ್ ತಗೊಳ್ಳೋದು. ಕ್ರಾಫ್ಟ್ ಅಂಗಡಿಯ ಕ್ಲಿಯರ್ ರೆಸಿನ್ ಕೋಸ್ಟರಿಗೆ, ಕೀಚೈನಿಗೆ ಸರಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಲೋಹ 60 ಡಿಗ್ರಿ ಸುಲಭವಾಗಿ ಮುಟ್ಟತ್ತೆ, ಹಿಂದೆ ರೇಡಿಯೇಟರ್ ಬೇರೆ, ಸಾಧಾರಣ ಎಪಾಕ್ಸಿ ಅಷ್ಟೊತ್ತಿಗೆ ಉಗುರಲ್ಲಿ ಒತ್ತಿದ್ರೆ ಗುರುತು ಬೀಳೋಷ್ಟು ಮೆತ್ತಗಾಗಿರತ್ತೆ. ಡಬ್ಬಿ ಮೇಲೆ ಶಾಖ ತಡೆಯೋ ಮಟ್ಟ 80 ಡಿಗ್ರಿಗಿಂತ ಮೇಲೆ ಅಂತ ಬರೆದಿರೋದನ್ನೇ ತಗೊಳ್ಳಿ, ಮತ್ತೆ ಅದು ಹೇಳೋ ಪ್ರಕಾರ ಕೊನೆಗೆ ಬಿಸಿ ಕೊಟ್ಟು ಗಟ್ಟಿ ಮಾಡಿ, ಹಾಗೆ ಮಾಡ್ದೆ ಆ ಮಟ್ಟ ಬರಲ್ಲ. ಇನ್ನೊಂದು ಸುಲಭದ ದಾರಿ ಕಾರ್ ಪೇಂಟರ್‌ಗಳ ಟೂ-ಕೆ ಪಿಯು (ಹಾರ್ಡ್‌ನರ್ ಬೆರೆಸೋ ಪಾಲಿಯುರೆಥೇನ್) ಪೇಂಟನ್ನೇ ಗುಳಿಗೆ ತುಂಬೋದು, ಎರಡು ಮೂರು ಪದರ ಬೇಕಾಗತ್ತೆ, ಎನಾಮೆಲ್ಲಿನ ಆಳ ಕಾಣಲ್ಲ, ಆದ್ರೆ ಬಾಳಿಕೆ ಚೆನ್ನಾಗಿದೆ.

ರೆಸಿನ್ನಿಗೆ ಬೆರೆಸೋ ಪಿಗ್ಮೆಂಟ್ (ಬಣ್ಣ) ತೂಕದಲ್ಲಿ ಐದು ಪರ್ಸೆಂಟ್ ದಾಟ್ಬಾರ್ದು. ನಮ್ಮ ಕ್ಲಬ್ಬುಗಳಿಗೆಲ್ಲ ಹಳದಿ ಕೆಂಪೇ ಬೇಕು, ಸರಿ, ಆದ್ರೆ ಬಿಸಿಲಿಗೆ ಮೊದ್ಲು ಮಾಸೋದು ಅಗ್ಗದ ಕೆಂಪು, ಹಂಗಾಗಿ ಕೆಂಪಿಗೆ ಮಾತ್ರ ಆಟೋಮೋಟಿವ್ ಗ್ರೇಡ್ ಟಿಂಟರ್ ಹುಡುಕಿ. ಬಿಳಿ, ತಿಳಿ ನೀಲಿ ಬೇಡ, ಎಪಾಕ್ಸಿ ಹಳದಿಯಾಗೋದು ಅದ್ರಲ್ಲೇ ಎದ್ದು ಕಾಣೋದು. ಕಡು ಹಸಿರು, ಮರೂನ್, ಕಪ್ಪು ಇವು ಎಷ್ಟೋ ವರ್ಷ ಹಾಗೇ ಇರತ್ತೆ.

ಕೆಲಸ ಹೀಗೆ: ಬ್ಯಾಡ್ಜನ್ನ ಐಸೋಪ್ರೊಪೈಲ್ ಆಲ್ಕೋಹಾಲಿಂದ ಒರೆಸಿ, ಸ್ಟಡ್‌ಗಳು ಇಳಿಯೋ ಹಾಗೆ ತೂತು ಮಾಡಿದ ಹಲಗೆ ಮೇಲೆ ಇಟ್ಟು, ಸ್ಪಿರಿಟ್ ಲೆವೆಲ್ಲಲ್ಲಿ ಮಟ್ಟ ನೋಡಿ. ರೆಸಿನ್ ಹಾರ್ಡ್‌ನರ್ ಅನುಪಾತ ಕಣ್ಣಳತೆ ಬೇಡ, ಒಡವೆ ತೂಗೋ ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. ರೆಸಿನ್ ಡಬ್ಬಿನ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ರೆ ತೆಳ್ಳಗಾಗಿ ಗುಳ್ಳೆ ಬೇಗ ಹೊರಗೆ ಬರತ್ತೆ. ಸಣ್ಣ ಸಿರಿಂಜಿನ ಸೂಜಿ ತೆಗೆದು ಹನಿ ಹನಿಯಾಗಿ ಗುಳಿಯ ಮಧ್ಯಕ್ಕೆ ಬಿಡಿ, ಮೂಲೆಗಳಿಗೆ ಟೂತ್‌ಪಿಕ್ಕಿಂದ ಎಳೀರಿ, ಗೋಡೆಯ ಮಟ್ಟಕ್ಕಿಂತ ಕೂದಲೆಳೆ ಕೆಳಗೆ ನಿಲ್ಸಿ. ಅಕ್ಷರದ ಹೊಟ್ಟೆಯೊಳಗಿನ ಸಣ್ಣ ಗುಳಿಗಳು ಮೊದ್ಲು, ದೊಡ್ಡ ಜಾಗ ಆಮೇಲೆ. ಗೋಡೆ ಮೇಲೆ ಚೆಲ್ಲಿದ್ರೆ ಆಗ್ಲೇ ಇಯರ್‌ಬಡ್ಡಿಂದ ಒರೆಸಿ, ಒಣಗಿದ ಮೇಲೆ ಕೆರೆಯೋಕೆ ಹೋದ್ರೆ ನಿಕಲ್ ಹೋಗತ್ತೆ. ಮೇಲೊಂದು ಡಬ್ಬಿ ಮುಚ್ಚಿ 24 ಗಂಟೆ ಮುಟ್ಟಬೇಡಿ. ಜುಲೈ ಮಳೇಲಿ ಈ ಕೆಲಸ ಬೇಡ, ತೇವಕ್ಕೆ ಮೇಲೆ ಬಿಳಿ ಜಿಡ್ಡಿನ ಪೊರೆ ಕಟ್ಟತ್ತೆ, ಜನವರಿ ಫೆಬ್ರವರಿ ಒಳ್ಳೇದು. ಪೂರ್ತಿ ಗಟ್ಟಿಯಾದ ಮೇಲೆ ಯುವಿ ತಡೆಯೋ ಟೂ-ಕೆ ಕ್ಲಿಯರ್ ಒಂದು ತೆಳು ಕೋಟ್.

ಕಾರಿಗೆ ಕೂರಿಸೋದು

ಗ್ರಿಲ್ಲಿಗೆ ಡ್ರಿಲ್ ಹಿಡೀಬೇಡಿ. 60, 70 ವರ್ಷ ಹಳೇ ಗ್ರಿಲ್ ಮತ್ತೆ ಸಿಗಲ್ಲ, ಬ್ಯಾಡ್ಜ್ ಬೇಕಾದ್ರೆ ಇನ್ನೊಂದು ಮಾಡ್ಬಹುದು. ಗ್ರಿಲ್ ಕಡ್ಡಿಗಳ ಸಂದಿಯಿಂದ ಎರಡು ಸ್ಟಡ್ ತೂರ್ಸಿ, ಹಿಂದೆ ಒಂದು ಪಟ್ಟಿ, ಮಧ್ಯ ಹಳೇ ಟ್ಯೂಬಿನ ರಬ್ಬರ್, ಸ್ಪ್ರಿಂಗ್ ವಾಷರ್, ನಟ್. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಮುಂದೆ ಕಾಣೋದು ಎಷ್ಟೋ ಸಲ ಗ್ರಿಲ್ಲೇ ಅಲ್ಲ, ರೇಡಿಯೇಟರಿನ ಜೇನುಗೂಡು ಕೋರೇ ಅದು, ಅದಕ್ಕೆ ಬೋಲ್ಟ್ ತಾಗಿದ್ರೆ ನೀರು ಸೋರತ್ತೆ. ಅಂಥ ಕಾರಿಗೆ ಬ್ಯಾಡ್ಜ್ ಬಾರ್ ಹಾಕಿ, ಬಂಪರ್ ಬ್ರಾಕೆಟ್ಟಿಗೆ ಕಟ್ಟೋ ಮುಕ್ಕಾಲು ಇಂಚಿನ ಪೈಪು ಸಾಕು, ಜೆ.ಸಿ. ರೋಡ್ ಕಡೆ ಬಾಗಿಸಿ ಕೊಡೋರು ಸಿಗ್ತಾರೆ. ಬೀಟಲ್ ಇಟ್ಕೊಂಡೋರಿಗೆ ಮುಂದೆ ರೇಡಿಯೇಟರ್ ಚಿಂತೆನೇ ಇಲ್ಲ.

ಅಲ್ಯೂಮಿನಿಯಂ ಗ್ರಿಲ್ಲಿಗೆ ಹಿತ್ತಾಳೆ ನೇರ ತಾಗ್ಬಾರ್ದು, ಮಳೆ ನೀರು ಸೇರಿದ್ರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದು ಹೋಗತ್ತೆ, ನೈಲಾನ್ ವಾಷರ್ ಹಾಕಿ. ಒಂದೇ ಮೂತಿಗೆ ಐದಾರು ಬ್ಯಾಡ್ಜ್ ಹೊಡ್ಕೊಂಡೋರು ಟ್ರಾಫಿಕ್ಕಲ್ಲಿ ಟೆಂಪರೇಚರ್ ಏರ್ತಿದೆ ಅಂತ ಮೆಕ್ಯಾನಿಕ್ ಹತ್ರ ಹೋಗೋದೂ ಇದೆ, ಗಾಳಿ ಹೋಗೋ ಜಾಗ ಬಿಡಿ. ನಂಬರ್ ಪ್ಲೇಟ್ ಮುಚ್ಚೋ ಹಾಗೆ ಯಾವ್ದೂ ಇರ್ಬಾರ್ದು. 2021ರ ನಿಯಮದಲ್ಲಿ 50 ವರ್ಷ ದಾಟಿದ ಕಾರುಗಳಿಗೆ ವಿಎ ಸರಣಿಯ ನಂಬರ್ ಬಂದಿದೆ, ಅದನ್ನ ತಗೊಂಡೋರು ಹೊಸ ಪ್ಲೇಟ್ ಎಲ್ಲಿ ಕೂರತ್ತೆ ಅಂತ ನೋಡ್ಕೊಂಡು ಆಮೇಲೆ ಬಾರ್ ಹಾಕ್ಸಿ.

ತೊಳೆಯೋಕೆ ಕಾರ್ ಶಾಂಪೂ ನೀರು, ಮೆತ್ತನೆ ಬಟ್ಟೆ, ವರ್ಷಕ್ಕೆರಡು ಸಲ ವ್ಯಾಕ್ಸ್. ಡ್ರೈವರ್‌ಗೋ ಮನೇಲಿ ಕೆಲಸ ಮಾಡೋರಿಗೋ ಮೊದ್ಲೇ ಹೇಳಿಡಿ, ಇದಕ್ಕೆ ಹುಣಸೆಹಣ್ಣು ಪೀತಾಂಬರಿ ಯಾವ್ದೂ ಹಾಕೋ ಹಾಗಿಲ್ಲ ಅಂತ, ಹಿತ್ತಾಳೆ ಅಂತ ಕೇಳಿದ್ರೆ ಸಾಕು ತಿಕ್ಕೋಕೆ ನಿಂತ್ಬಿಡ್ತಾರೆ. ಫಿಲ್ಮು ಮತ್ತೆ ಕರ್ವ್ಸ್ ಮಾಡಿದ ಫೈಲನ್ನ ಕ್ಲಬ್ ಸೆಕ್ರೆಟರಿ ಹತ್ರ ಒಂದು ಕಾಪಿ ಕೊಟ್ಟಿಡಿ, ಜೊತೆಗೆ ನಂಬರ್ ಹಾಕದ ಆರು ಬಿಲ್ಲೆ ಎಕ್ಸ್‌ಟ್ರಾ ಪ್ಲೇಟಿಂಗ್ ಮಾಡ್ಸ್ದೆ ಹಾಗೇ ಎಣ್ಣೆ ಸವರಿ ಇಟ್ಟಿರಿ, ಮುಂದಿನ ವರ್ಷ ಹೊಸಬ್ರು ಸೇರಿದಾಗ ಪಂಚ್ ಹೊಡೆದು ಕಳಿಸಿದ್ರಾಯ್ತು.